ಘಟ್ಟ ಇಳಿಯುವ ಟ್ರೇಲರ್‌ಗೆ ಪಿಕಪ್ ಸಜ್ಜುಗೊಳಿಸಿದ ಶಿವಮೊಗ್ಗದ ಗ್ಯಾರೇಜು

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿರುವ ಆ ಗ್ಯಾರೇಜಿಗೆ ಕಳೆದ ಡಿಸೆಂಬರ್‌ನಲ್ಲಿ ನನ್ನ ಪಿಕಪ್ ಒಯ್ದು, ಇದಕ್ಕೆ ಟ್ರೇಲರ್ ಕಟ್ಟಿ ದೂರ ಎಳೆಯಬೇಕು ಎಂದಾಗ ಮೇಸ್ತ್ರಿ ಬಾನೆಟ್ ತೆರೆಯಲಿಲ್ಲ. ‘ಎಷ್ಟು ಎಳೀತದೆ ಅಂತ ಆಮೇಲೆ ನೋಡಣ ಸಾರ್, ನೀವು ಯಾವ ಘಟ್ಟ ಇಳೀತೀರಿ ಅದನ್ನ ಹೇಳಿ’ ಎಂದು ಕೇಳಿದರು. ಅದಕ್ಕೂ ಮೊದಲು ನಾನು ವಿಚಾರಿಸಿದ್ದ ಮೂರು ಕಡೆಗಳಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಅಲ್ಲಿಂದ ಈವರೆಗೆ ಟ್ರೇಲರ್ ಸಮೇತ 800 ಕಿಲೋಮೀಟರಿಗೂ ಹೆಚ್ಚು ಓಡಿಸಿದ್ದೇನೆ, ಒಮ್ಮೆ ಶಿರಾಡಿ ಘಟ್ಟ ಇಳಿದಿದ್ದೇನೆ, ಒಮ್ಮೆ ಹತ್ತಿದ್ದೇನೆ. ಆದ್ದರಿಂದ ಅವರ ಕೆಲಸದ ಬಗ್ಗೆ ಬರೆಯಲು ಈಗ ನನಗೆ ಆಧಾರವಿದೆ. ಮೆಚ್ಚುಗೆಯ ಜೊತೆಗೆ ಒಂದು ದೊಡ್ಡ ದೂರನ್ನೂ ಇಲ್ಲಿ ದಾಖಲಿಸುತ್ತಿರುವುದರಿಂದ ಗ್ಯಾರೇಜಿನ ಹೆಸರನ್ನು ಬರೆಯುವುದಿಲ್ಲ.

ನನ್ನ ಅಗತ್ಯವನ್ನು ಮೊದಲು ಹೇಳಬೇಕು, ಏಕೆಂದರೆ ಅವರು ಮಾಡಿದ ಪ್ರತಿಯೊಂದು ಕೆಲಸದ ಅಳತೆಯೂ ಅದರಿಂದಲೇ ಹುಟ್ಟಿದ್ದು. ಮಂಡಗದ್ದೆ ಸಮೀಪದ ನಮ್ಮ ತೋಟದಲ್ಲಿ ನಾನು ಮೆಲ್ಲಿಫೆರಾ ಎಂಬ ಯುರೋಪಿನ ತಳಿಯ ಜೇನನ್ನು ಪೆಟ್ಟಿಗೆಗಳಲ್ಲಿ ಸಾಕುತ್ತೇನೆ. ಮಳೆಗಾಲದಲ್ಲಿ ನಮ್ಮ ಕಡೆ ಜೇನಿಗೆ ಹೂವೂ ಸಾಲದು, ಹೊರಗೆ ಹಾರಲು ಮಳೆ ಹೊಳವಾಗುವುದೂ ಅಪರೂಪ. ಹಾಗಾಗಿ ಜೂನ್ ಹೊತ್ತಿಗೆ ಪೆಟ್ಟಿಗೆಗಳನ್ನು ಚಿತ್ರದುರ್ಗದ ಕಡೆಯ ಬಯಲಿಗೆ ಒಯ್ಯಬೇಕು. ಜನವರಿಯ ವೇಳೆಗೆ ಸುಳ್ಯದ ಕಡೆಯ ರಬ್ಬರ್ ಮರಗಳು ಎಲೆ ಉದುರಿಸಿ ಚಿಗುರುತ್ತವೆ, ಆ ಎಳೆಯ ಎಲೆಗಳ ತೊಟ್ಟಿನ ತುದಿಯ ಗ್ರಂಥಿಗಳಲ್ಲಿ ಒಸರುವ ಮಕರಂದಕ್ಕಾಗಿ ಆಗ ಅಲ್ಲಿಗೆ ಇಳಿಯಬೇಕು. ಇಷ್ಟು ವರ್ಷ ಬಾಡಿಗೆಯ ಮಿನಿ ಲಾರಿಯಲ್ಲಿ ಸಾಗಿಸುತ್ತಿದ್ದೆ. ಪ್ರತಿ ಸಲವೂ ಪೆಟ್ಟಿಗೆಗಳನ್ನು ಏರಿಸಿ, ಇಳಿಸಿ, ಮತ್ತೆ ಏರಿಸುವುದರಲ್ಲಿ ಎರಿಗಳು, ಅಂದರೆ ಜೇನಿನ ಮೇಣದ ಹಲ್ಲೆಗಳು, ಮುರಿಯುತ್ತಿದ್ದವು, ರಾಣಿಗಳು ಸಾಯುತ್ತಿದ್ದವು. 40 ಪೆಟ್ಟಿಗೆಗಳನ್ನು ಟ್ರೇಲರ್ ಮೇಲೆಯೇ ಭದ್ರವಾಗಿ ಕೂರಿಸಿ, ತೋಟದ ನೆರಳಿನಲ್ಲಿ ಟ್ರೇಲರ್ ಬಿಟ್ಟು, ಪಿಕಪ್ ಮಾತ್ರ ಹಿಂದಕ್ಕೆ ತಂದುಕೊಂಡರೆ ಈ ಹಿಂಸೆ ತಪ್ಪುತ್ತದೆ ಎಂಬುದು ನನ್ನ ಯೋಜನೆಯಾಗಿತ್ತು.

ಜೇನು ಸಾಗಿಸುವವರಿಗೆ ಗೊತ್ತಿರುವಂತೆ ಇದು ಅಡಿಕೆ ಮೂಟೆ ಸಾಗಿಸಿದಂತಲ್ಲ. ರಾತ್ರಿ ಬಾಗಿಲು ಮುಚ್ಚಿ, ಮೇಲೆ ಜಾಲರಿ ಹಾಕಿ ಹೊರಟ ಪೆಟ್ಟಿಗೆಗಳಿಗೆ ಓಡುವ ಗಾಡಿಯ ಗಾಳಿಯೇ ಉಸಿರು. ಗಾಡಿ ಕೆಟ್ಟು ನಿಂತು ಬಿಸಿಲೇರಿದರೆ ಒಳಗಿನ ಕಾವಿಗೇ ಕುಟುಂಬಕ್ಕೆ ಕುಟುಂಬ ಸಾಯುತ್ತದೆ. ಎರಿಯ ಚೌಕಟ್ಟುಗಳನ್ನು ಗಾಡಿ ಸಾಗುವ ದಿಕ್ಕಿಗೆ ಉದ್ದವಾಗಿ ಇಡುವುದು ವಾಡಿಕೆ. ಹಾಗೆ ಇಟ್ಟಾಗ ಬ್ರೇಕಿನ ಜಗ್ಗಿಗೆ ಅವು ಒಂದಕ್ಕೊಂದು ಬಡಿಯುವುದಿಲ್ಲ, ಆದರೆ ಟ್ರೇಲರ್ ಬಾಲ ಬೀಸಿದಂತೆ ಅತ್ತಿತ್ತ ತೂಗಾಡಿದರೆ ನಡುವೆ ಸಿಕ್ಕ ಹುಳುಗಳು ಜಜ್ಜಿಹೋಗುತ್ತವೆ. ತೂಗಾಡಬಾರದು, ಜಗ್ಗಬಾರದು, ದಾರಿಯಲ್ಲಿ ನಿಲ್ಲಬಾರದು. ಮೇಸ್ತ್ರಿಯ ಮುಂದೆ ನಾನು ಇಟ್ಟ ಬೇಡಿಕೆ ಇಷ್ಟೇ.

ನನ್ನ ಗಾಡಿ ಇಸುಝು ಡಿ-ಮ್ಯಾಕ್ಸ್ ವಿ-ಕ್ರಾಸ್, 2499 ಸಿಸಿ ಡೀಸೆಲ್ ಎಂಜಿನ್ನಿನ ಹಳೆಯ ಮಾದರಿ. 5 ಗೇರಿನ ಮ್ಯಾನ್ಯುಯಲ್, 320 ನ್ಯೂಟನ್ ಮೀಟರ್ ಟಾರ್ಕ್, ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್, ಹಿಂದಿನ ಆಕ್ಸಲ್‌ಗೆ (ಚಕ್ರಗಳ ಅಚ್ಚಿಗೆ) ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗ್. ಒಂದೂವರೆ ಟನ್ನಿನ ಟ್ರೇಲರ್ ಎಳೆಯಲು ಈ ಎಂಜಿನ್ ಸಾಕೇ ಎಂಬ ಚಿಂತೆಯೇ ನನ್ನನ್ನು ಮುಖ್ಯವಾಗಿ ಕಾಡುತ್ತಿತ್ತು. ಮೇಸ್ತ್ರಿ ಆ ಚಿಂತೆಯನ್ನು ಒಂದೇ ಮಾತಿನಲ್ಲಿ ಬದಿಗಿಟ್ಟು, ಖಾಲಿ ಟ್ರೇಲರನ್ನು ಮರಳಿನ ಚೀಲಗಳಿಂದ ಪೆಟ್ಟಿಗೆಗಳಷ್ಟೇ ತೂಕಕ್ಕೆ ತುಂಬಿಸಿ ತರಲು ಹೇಳಿದರು. ಒಂದು ಪೆಟ್ಟಿಗೆಗೆ ಸರಾಸರಿ 24 ಕಿಲೋ ಎಂದು ಹಿಡಿದು ಪ್ರತಿ ಪೆಟ್ಟಿಗೆಯ ಜಾಗದಲ್ಲಿ ಅಷ್ಟೇ ತೂಕದ ಚೀಲ ಇಟ್ಟು, ನೀರಿನ ಡ್ರಮ್ಮು ಮತ್ತು ಸಲಕರಣೆಯ ಪೆಟ್ಟಿಗೆಯನ್ನು ಅವುಗಳ ಜಾಗದಲ್ಲೇ ಇಟ್ಟು ಒಯ್ದೆ. ಈ ಗ್ಯಾರೇಜಿನ ವಿಶೇಷ ಏನೆಂದು ಯಾರಾದರೂ ಕೇಳಿದರೆ, ಸ್ಪ್ಯಾನರ್ ಹಿಡಿಯುವ ಮೊದಲು ತೂಕ ಮಾಡಿಸುತ್ತಾರೆ ಎನ್ನುತ್ತೇನೆ.

ತೂಕ ಮಾಡಿಸಿದ ಬಗೆಯನ್ನು ವಿವರವಾಗಿ ಬರೆಯುತ್ತೇನೆ, ಇದು ಟ್ರೇಲರ್ ಎಳೆಯುವ ಯಾರಿಗಾದರೂ ಬೇಕಾದ ವಿದ್ಯೆ. ಎಪಿಎಂಸಿ ಕಡೆಯ ವೇಬ್ರಿಡ್ಜ್ ಮೇಲೆ ಮೊದಲು ಪಿಕಪ್ ಒಂದನ್ನೇ ನಿಲ್ಲಿಸಿದರು, ನಾವಿಬ್ಬರು ಒಳಗೆ ಕುಳಿತು 2,140 ಕಿಲೋ. ಬಳಿಕ ಪಿಕಪ್ ಮತ್ತು ಟ್ರೇಲರ್ ಎರಡನ್ನೂ ಸೇರಿಸಿ ತೂಗಿದಾಗ 3,710. ಅಂದರೆ ಟ್ರೇಲರ್‌ನ ಒಟ್ಟು ತೂಕ 1,570 ಕಿಲೋ. ಮೂರನೆಯದಾಗಿ, ಕೊಂಡಿ ಬಿಚ್ಚದೆ ಪಿಕಪ್ಪನ್ನು ಮುಂದಕ್ಕೆ ಚಲಿಸಿ, ಟ್ರೇಲರ್‌ನ ಚಕ್ರಗಳು ಮಾತ್ರ ವೇಬ್ರಿಡ್ಜ್ ಮೇಲೆ ಉಳಿಯುವಂತೆ ನಿಲ್ಲಿಸಿದಾಗ ಪರದೆಯ ಮೇಲೆ 1,510 ಬಂತು. 1,570ರಲ್ಲಿ 1,510 ಕಳೆದರೆ ಉಳಿಯುವ 60 ಕಿಲೋ ಮಾತ್ರ ಕೊಂಡಿಯ ಮೂಲಕ ಪಿಕಪ್ ಮೇಲೆ ಕುಳಿತಿತ್ತು, ಶೇಕಡಾ 4ಕ್ಕೂ ಕಡಿಮೆ. ಇಂಥ ಟ್ರೇಲರ್‌ಗಳಲ್ಲಿ ಒಟ್ಟು ತೂಕದ ಶೇಕಡಾ 10ರಷ್ಟಾದರೂ ಟ್ರೇಲರ್‌ನ ಮೂಗಿನ ಮೇಲೆ, ಅಂದರೆ ಕೊಂಡಿಗೆ ಕೂರುವ ಮುಂತುದಿಯ ಮೇಲೆ, ಇರಲಿ ಎಂಬುದು ಅವರ ಲೆಕ್ಕ. ಅಮೆರಿಕದಲ್ಲಿ ಶೇಕಡಾ 10ರಿಂದ 15 ಎಂಬ ನಿಯಮವೇ ಚಾಲ್ತಿಯಲ್ಲಿದೆ. ಮೂಗು ಹಗುರವಾಗಿ ಭಾರವೆಲ್ಲ ಆಕ್ಸಲ್‌ನ ಹಿಂದೆ ಬಿದ್ದರೆ, ಒಂದು ಲಾರಿ ಪಕ್ಕದಲ್ಲಿ ಹಾದುಹೋದ ಗಾಳಿಗೇ ಟ್ರೇಲರ್ ತೂಗಾಡಲು ಶುರುಮಾಡುತ್ತದೆ, ಮತ್ತು ವೇಗ ಹೆಚ್ಚಿದಷ್ಟೂ ಆ ತೂಗಾಟ ತಾನಾಗಿ ಅಡಗುವುದಿಲ್ಲ.

ತಪ್ಪು ನನ್ನ ಜೋಡಣೆಯಲ್ಲಿತ್ತು. ನೀರಿನ ಡ್ರಮ್ಮನ್ನೂ ಸಲಕರಣೆಯ ಪೆಟ್ಟಿಗೆಯನ್ನೂ ಕೈಗೆ ಸುಲಭವಾಗಿ ಸಿಗಲೆಂದು ಹಿಂಬದಿಗೆ ಇಟ್ಟಿದ್ದೆ. ಅವೆರಡನ್ನೂ ಮುಂಬದಿಗೆ ಸರಿಸಿ ಮತ್ತೆ ತೂಗಿಸಿದಾಗ ಚಕ್ರಗಳ ಮೇಲೆ 1,410 ಕಿಲೋ, ಮೂಗಿನ ಮೇಲೆ 160 ಕಿಲೋ ಬಂತು. ಒಂದು ರೂಪಾಯಿ ಖರ್ಚಿಲ್ಲದೆ, ಬರೀ ಎರಡು ವಸ್ತುಗಳ ಜಾಗ ಬದಲಾಯಿಸಿದ್ದರಿಂದ ಆದ ವ್ಯತ್ಯಾಸ ಇದು. ಮನೆಯಲ್ಲೇ ಪರೀಕ್ಷಿಸುವ ಉಪಾಯವನ್ನೂ ಅವರು ತೋರಿಸಿಕೊಟ್ಟರು. ಮನೆಯ ತೂಕದ ಯಂತ್ರ 160 ಕಿಲೋ ತಾಳುವುದಿಲ್ಲವಾದ್ದರಿಂದ ಒಂದು ಗಟ್ಟಿ ಮರದ ತೊಲೆಯ ಒಂದು ತುದಿಯನ್ನು ಇಟ್ಟಿಗೆಯ ಮೇಲೂ ಅಲ್ಲಿಂದ 3 ಅಡಿ ದೂರದಲ್ಲಿ ತೂಕದ ಯಂತ್ರದ ಮೇಲೂ ಇಟ್ಟು, ಇಟ್ಟಿಗೆಯಿಂದ 1 ಅಡಿ ದೂರದಲ್ಲಿ ಟ್ರೇಲರ್‌ನ ಮೂಗನ್ನು ಇಳಿಸಬೇಕು. ಯಂತ್ರ ತೋರಿಸುವುದರಲ್ಲಿ ತೊಲೆಯ ಭಾರ ಕಳೆದು, ಉಳಿದದ್ದನ್ನು 3ರಿಂದ ಗುಣಿಸಿದರೆ ಮೂಗಿನ ತೂಕ ಸಿಗುತ್ತದೆ. ಪ್ರತಿ ಪ್ರಯಾಣದ ಹಿಂದಿನ ಸಂಜೆ ನಮ್ಮ ಅಂಗಳದಲ್ಲಿ ಈಗ ಇದು ತಪ್ಪದೆ ನಡೆಯುತ್ತದೆ.

ಕೊಂಡಿಯ ವಿಷಯಕ್ಕೆ ಬರುತ್ತೇನೆ. ಇದಕ್ಕೂ ಮೊದಲು ನಮ್ಮೂರ ಹತ್ತಿರದ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಹಿಂದಿನ ಬಂಪರಿಗೆ ಒಂದು ಕೊಕ್ಕೆ ಬೆಸೆಸಿಕೊಂಡಿದ್ದೆ. ಮೇಸ್ತ್ರಿ ಅದನ್ನು ನೋಡಿ ಏನೂ ಅನ್ನದೆ ಗ್ರೈಂಡರ್‌ನಿಂದ ಕತ್ತರಿಸಿ ನನ್ನ ಕೈಗೆ ಕೊಟ್ಟರು, ಬೆಸುಗೆಯ ಒಂದು ಬದಿಯಲ್ಲಿ ಕೂದಲೆಳೆಯಷ್ಟು ಬಿರುಕು ಆಗಲೇ ಬಿಟ್ಟಿತ್ತು. ಬಂಪರ್ ಎಂಬುದು ತಟ್ಟಿದರೆ ತಗ್ಗಲು ಇರುವ ವಸ್ತು, ಎಳೆಯುವ ಬಲ ಸೇರಬೇಕಾದದ್ದು ಗಾಡಿಯ ಉಕ್ಕಿನ ಚೌಕಟ್ಟಾದ ಷಾಸಿಗೆ. ಅವರು ಷಾಸಿಯ ಎರಡೂ ಉದ್ದ ತೊಲೆಗಳಿಗೆ ತಾಗುವಂತೆ ಅಡ್ಡ ತೊಲೆಯೊಂದನ್ನು ಮಾಡಿ, ಷಾಸಿಯಲ್ಲಿ ಮೊದಲೇ ಇದ್ದ ರಂಧ್ರಗಳನ್ನೇ ಬಳಸಿ 12 ಮಿಲಿಮೀಟರಿನ 8.8 ದರ್ಜೆಯ ಬೋಲ್ಟ್‌ಗಳಿಂದ ಬಿಗಿದರು. ಷಾಸಿಗೆ ಹೊಸ ತೂತು ಕೊರೆಯಲಿಲ್ಲ, ಬೆಸುಗೆಯ ಕಿಡಿ ತಾಗಿಸಲಿಲ್ಲ. ಪ್ರತಿ ಬೋಲ್ಟನ್ನೂ ಟಾರ್ಕ್ ರೆಂಚ್‌ನಲ್ಲಿ 85 ನ್ಯೂಟನ್ ಮೀಟರಿಗೆ ಬಿಗಿದು, ತಲೆಯಿಂದ ತೊಲೆಯವರೆಗೆ ಹಳದಿ ಬಣ್ಣದ ಗೆರೆ ಎಳೆದರು. ಬೋಲ್ಟ್ ಸ್ವಲ್ಪ ಸಡಿಲಿದರೂ ಗೆರೆ ತುಂಡಾಗಿ ಕಾಣುತ್ತದೆ. 100 ಕಿಲೋಮೀಟರ್ ಓಡಿದ ಮೇಲೆ ಒಮ್ಮೆ, 500ರ ನಂತರ ಇನ್ನೊಮ್ಮೆ ಬಿಗಿಸಿಕೊಳ್ಳಲು ಹೇಳಿದ್ದರು. ಮೊದಲನೆಯ ಸಲ ಎರಡು ಬೋಲ್ಟ್ ಅಲ್ಪ ತಿರುಗಿದವು, ಎರಡನೆಯ ಸಲ ಒಂದೂ ಅಲುಗಲಿಲ್ಲ.

ನಮ್ಮ ಕಡೆ ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ ಇರುವ ಬಳೆ ಮತ್ತು ಪಿನ್ನಿನ ಕೊಂಡಿ ಗದ್ದೆಯ ವೇಗಕ್ಕೆ ಸಾಕು. ಅದರಲ್ಲಿರುವ ಸಡಿಲು ಹೆದ್ದಾರಿಯಲ್ಲಿ ಪ್ರತಿ ಬ್ರೇಕಿಗೂ ಒಂದು ಗುದ್ದಾಗುತ್ತದೆ, ಪ್ರತಿ ಗುದ್ದಿಗೂ ಹೊಸ ಎರಿ ಬಿರುಕು ಬಿಡುತ್ತದೆ. ಹಾಗಾಗಿ 50 ಮಿಲಿಮೀಟರ್ ಗುಂಡಿನ ಕೊಂಡಿಗೆ ಬದಲಾಯಿಸಿದೆವು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪೇಟೆಯಲ್ಲಿ ಸಿಗುವ ಗುಂಡುಗಳಲ್ಲಿ 47.6 ಮಿಲಿಮೀಟರಿನವೂ ಇವೆ. ಕಣ್ಣಳತೆಯಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ, ಗುಂಡಿನ ಮೇಲೆ ಕೂರುವ 50ರ ಟೋಪಿಯೊಳಗೆ ಅದು ಕುಳಿತಂತೆಯೂ ಕಾಣುತ್ತದೆ, ಆದರೆ ಒಂದು ದೊಡ್ಡ ಹಳ್ಳಕ್ಕೆ ಹಾರಿ ಕಳಚಿಕೊಳ್ಳಬಲ್ಲದು. ಗುಂಡಿನ ಮೇಲೆ ಕೊರೆದಿರುವ ಅಂಕಿಯನ್ನು ಓದಿಯೇ ಕೊಳ್ಳಬೇಕು. ಸುರಕ್ಷತಾ ಸರಪಳಿಗಳೆರಡನ್ನು ಮೂಗಿನ ಕೆಳಗೆ ಅಡ್ಡಡ್ಡ ಹಾಯಿಸಿ ಕಟ್ಟಿದರು, ಕೊಂಡಿ ಕಳಚಿದರೂ ಮೂಗು ನೆಲಕ್ಕೆ ಊರದೆ ಆ ಸರಪಳಿಯ ತೊಟ್ಟಿಲಿನಲ್ಲಿ ನಿಲ್ಲಲಿ ಎಂದು.

ಈ ಗ್ಯಾರೇಜಿಗೆ ನನ್ನ ಪೂರ್ಣ ಗೌರವ ಸಂದದ್ದು ಬ್ರೇಕಿನ ಕೆಲಸದಲ್ಲಿ. ನನ್ನ ಟ್ರೇಲರ್‌ಗೆ ಬ್ರೇಕೇ ಇರಲಿಲ್ಲ. ಪಿಕಪ್‌ನ ಬ್ರೇಕೇ ಸಾಕಲ್ಲವೇ ಎಂದು ನಾನು ವಾದಿಸಿದಾಗ ಮೇಸ್ತ್ರಿ ಲೆಕ್ಕ ಹಾಕಲು ಹೇಳಿದರು, ಮನೆಗೆ ಬಂದು ಹಾಕಿದೆ. 3,710 ಕಿಲೋ ತೂಕದ ಜೋಡಿ 700 ಮೀಟರ್ ಎತ್ತರವನ್ನು ಇಳಿಯುವಾಗ ಸುಮಾರು 25 ಮೆಗಾಜೂಲ್ ಶಕ್ತಿ ಎಲ್ಲಾದರೂ ಕಳೆಯಲೇಬೇಕು. ಅದು ಸುಮಾರು 75 ಲೀಟರ್ ತಣ್ಣೀರನ್ನು ಕುದಿಸುವಷ್ಟು ಶಾಖ, ನಮ್ಮ ಬಚ್ಚಲ ಹಂಡೆಯ ನೀರು ಮರಳಿ ಉಕ್ಕುವಷ್ಟು. ಒಂದು ಪಾಲನ್ನು ಗಾಳಿಯ ತಡೆ ಮತ್ತು ಎಂಜಿನ್ ಹೀರಿಕೊಂಡರೂ ಉಳಿದದ್ದೆಲ್ಲ ಪಿಕಪ್‌ನ ನಾಲ್ಕು ಚಕ್ರಗಳ ಬ್ರೇಕಿನಲ್ಲಿಯೇ ಸುಡಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುವ ದ್ರವ. ಡಾಟ್ 3 ಎಂಬ ದರ್ಜೆಯದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯದಿದ್ದರೆ, ತೇವ ಹೀರಿಕೊಂಡ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ರಲ್ಲಿ ಈ ಅಂಕಿಗಳು 230 ಮತ್ತು 155. ಕೊಳವೆಯೊಳಗೆ ಆಯಿಲ್ ಕುದಿದು ಆವಿಯಾದರೆ ಪೆಡಲ್ ಒತ್ತಿದಷ್ಟೂ ಕೆಳಗಿಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಮಲೆನಾಡಿನ ಮಳೆಗಾಲದ ತೇವದಲ್ಲಿ ವರ್ಷಗಟ್ಟಲೆ ಆಯಿಲ್ ಬದಲಿಸದೆ ಘಟ್ಟ ಇಳಿಯುವವರು ಈ ಅಂಕಿಗಳನ್ನು ದಯವಿಟ್ಟು ಇನ್ನೊಮ್ಮೆ ಓದಬೇಕು.

ಟ್ರೇಲರ್‌ಗೆ ಅವರು ಹಾಕಿದ್ದು ತಳ್ಳುವಿಕೆಯಿಂದ ಕೆಲಸ ಮಾಡುವ ಬ್ರೇಕು. ಪಿಕಪ್ ನಿಧಾನಿಸಿದಾಗ ಹಿಂದಿನಿಂದ ಟ್ರೇಲರ್ ಮುನ್ನುಗ್ಗಿ, ಮೂಗಿನಲ್ಲಿರುವ ಜಾರುವ ದಂಡವನ್ನು ಒಳಕ್ಕೆ ಒತ್ತುತ್ತದೆ. ಆ ದಂಡವೇ ಟ್ರೇಲರ್‌ನ ಡ್ರಮ್ ಬ್ರೇಕುಗಳನ್ನು ಹಿಡಿಸುತ್ತದೆ. ಟ್ರೇಲರ್ ಎಷ್ಟು ಜೋರಾಗಿ ತಳ್ಳುತ್ತದೆಯೋ ಅಷ್ಟೇ ಜೋರಾಗಿ ಬ್ರೇಕ್ ಹಿಡಿಯುತ್ತದೆ, ಪಿಕಪ್‌ನಿಂದ ಯಾವ ಪೈಪೂ ಎಳೆಯಬೇಕಿಲ್ಲ. ದಂಡದ ಜೊತೆಗಿರುವ ಡ್ಯಾಂಪರ್ ಗುದ್ದನ್ನು ನುಂಗಿಕೊಳ್ಳುವುದರಿಂದ ಎರಿಗಳಿಗೂ ಕ್ಷೇಮ. ಕೊಂಡಿ ಪೂರ್ತಿ ಕಳಚಿದರೆ ಟ್ರೇಲರ್‌ನ ಹ್ಯಾಂಡ್ ಬ್ರೇಕನ್ನು ಎಳೆದುಬಿಡುವ ತೆಳು ಉಕ್ಕಿನ ಹಗ್ಗವೊಂದನ್ನು ಪಿಕಪ್‌ಗೆ ಸಿಕ್ಕಿಸಿದ್ದಾರೆ. ಈ ವ್ಯವಸ್ಥೆಗೆ ಒಂದು ಮಿತಿಯಿದೆ, ಅದನ್ನು ಅವರು ಮುಚ್ಚಿಡಲಿಲ್ಲ. ಇಳಿಜಾರಿನಲ್ಲಿ ಎಂಜಿನ್ ಬ್ರೇಕಿಂಗ್ ಮಾಡುತ್ತಾ, ಅಂದರೆ ಕೆಳಗಿನ ಗೇರಿನಲ್ಲಿ ಎಂಜಿನ್ನಿನ ತಡೆಯಿಂದಲೇ ವೇಗ ಹಿಡಿದಿಡುತ್ತಾ ಇಳಿದರೆ ಟ್ರೇಲರ್ ಉದ್ದಕ್ಕೂ ತಳ್ಳುತ್ತಲೇ ಇರುತ್ತದೆ, ಅದರ ಬ್ರೇಕ್ ಉದ್ದಕ್ಕೂ ಸವೆಯುತ್ತಾ ಬಿಸಿಯಾಗುತ್ತಲೇ ಇರುತ್ತದೆ. ಅದಕ್ಕೆ ಘಟ್ಟದ ನಡುವೆ ನಿಂತು ಡ್ರಮ್ಮಿನ ಶಾಖ ನೋಡಿಯೇ ಮುಂದೆ ಹೋಗಬೇಕು ಎಂದು ಹೇಳಿ, ಪಿಸ್ತೂಲಿನಾಕಾರದ ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಕೊಳ್ಳಲು ಒತ್ತಾಯಿಸಿದರು.

ಆ ಒತ್ತಾಯದ ಬೆಲೆ ಮೊದಲ ಪ್ರಯಾಣದಲ್ಲೇ ತಿಳಿಯಿತು. ಜನವರಿಯ ಒಂದು ಸಂಜೆ ಕತ್ತಲಾದ ಮೇಲೆ ಮಂಡಗದ್ದೆಯಿಂದ ಹೊರಟು ಶಿವಮೊಗ್ಗ, ತರೀಕೆರೆ, ಚಿಕ್ಕಮಗಳೂರು, ಬೇಲೂರು ದಾಟಿ ಸಕಲೇಶಪುರ ತಲುಪಿದೆವು. ಚಾರ್ಮಾಡಿಯ ತಿರುವುಗಳಿಗಿಂತ ಶಿರಾಡಿಯ ಕಾಂಕ್ರೀಟ್ ರಸ್ತೆ ಟ್ರೇಲರ್‌ಗೆ ಲೇಸು ಎಂಬುದು ಮೇಸ್ತ್ರಿಯ ಸಲಹೆ, ಈಗ ನನ್ನ ಅಭಿಪ್ರಾಯವೂ ಅದೇ. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ, 30 ಕಿಲೋಮೀಟರ್ ವೇಗದಲ್ಲಿ ಮಾರನಹಳ್ಳಿ ದಾಟಿ ಇಳಿದು, ರಸ್ತೆ ಅಗಲವಾಗಿದ್ದ ಕಡೆ ನಿಲ್ಲಿಸಿದೆ. ಎಡಗಡೆಯ ಡ್ರಮ್ 118 ಡಿಗ್ರಿ, ಬಲಗಡೆಯದು 164. ಬಲಗಡೆಯಿಂದ ಡ್ರಮ್ಮಿಗೆ ಉಜ್ಜುವ ಬ್ರೇಕ್ ಲೈನಿಂಗ್ ಸುಟ್ಟ ಸಣ್ಣ ವಾಸನೆಯೂ ಬರುತ್ತಿತ್ತು. ಎರಡೂ ಬದಿ ಸಮವಾಗಿ ಹಿಡಿಯುತ್ತಿಲ್ಲ, ಬಲಗಡೆಯ ಬ್ರೇಕು ತುಸು ಹೆಚ್ಚೇ ಬಿಗಿಯಾಗಿದೆ ಎಂದು ಅರ್ಥ. ಗ್ಯಾರೇಜಿನಲ್ಲಿ ಕಲಿಸಿದ್ದಂತೆ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಡ್ರಮ್ಮಿನ ಹಿಂದಿನ ಕಿಂಡಿಯಿಂದ ಸ್ಕ್ರೂಡ್ರೈವರ್ ತೂರಿಸಿ ಬ್ರೇಕಿನ ಬಿಗಿ ಹೊಂದಿಸುವ ಹಲ್ಲಿನ ಚಕ್ರವನ್ನು ಮೂರು ಹಲ್ಲು ಸಡಿಲಿಸಿದೆ. ಚಕ್ರವನ್ನು ಕೈಯಲ್ಲಿ ತಿರುಗಿಸಿದಾಗ ಲೈನಿಂಗ್ ಉಜ್ಜುವ ಸದ್ದು ಎಡಗಡೆಯದರಷ್ಟೇ ಮೆತ್ತಗಾಯಿತು. ಅಷ್ಟರಲ್ಲಿ ಹದಿನೈದು ನಿಮಿಷ ಕಳೆದಿತ್ತು, ರಾತ್ರಿಯ ತಂಪು ಇದ್ದುದರಿಂದ ಪೆಟ್ಟಿಗೆಗಳಿಗೆ ತೊಂದರೆಯಾಗಲಿಲ್ಲ. ಗುಂಡ್ಯದಲ್ಲಿ ಮತ್ತೆ ನೋಡಿದಾಗ 121 ಮತ್ತು 127. ಬೆಳಗಿನ ಜಾವ ಸುಳ್ಯದ ತೋಟದಲ್ಲಿ ಬಾಗಿಲು ತೆರೆದಾಗ 40 ಪೆಟ್ಟಿಗೆಗಳಲ್ಲಿ ಒಂದರಲ್ಲೂ ಎರಿ ಮುರಿದಿರಲಿಲ್ಲ. ಮಿನಿ ಲಾರಿಯ ಕಾಲದಲ್ಲಿ ನಾನು ಕಾಣದ ದೃಶ್ಯ ಅದು, ಪೆಟ್ಟಿಗೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತುಬಿಟ್ಟೆ.

ಸ್ಪ್ರಿಂಗ್ ಕೆಲಸವನ್ನೂ ಅವರು ಅಳತೆಯಿಂದಲೇ ಮಾಡಿದರು. ಕೊಂಡಿ ಹಿಂದಿನ ಆಕ್ಸಲ್‌ನಿಂದ ಸುಮಾರು 1.2 ಮೀಟರ್ ಹಿಂದಿದೆ, ಈ ಗಾಡಿಯ ಎರಡು ಆಕ್ಸಲ್‌ಗಳ ನಡುವಿನ ಅಂತರ 3,095 ಮಿಲಿಮೀಟರ್. ಏತದಂತೆ ಹಿಂದೆ ಒತ್ತಿದ 160 ಕಿಲೋ, ಮುಂದಿನ ಚಕ್ರಗಳ ಮೇಲಿನಿಂದ ಸುಮಾರು 60 ಕಿಲೋ ಎತ್ತಿಬಿಡುತ್ತದೆ. ಸ್ಟಿಯರಿಂಗ್ ಹಗುರಾಗುವುದು, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುವುದು ಇದರಿಂದಲೇ. ಟ್ರೇಲರ್ ಕಟ್ಟಿದಾಗ ಹಿಂಭಾಗ 44 ಮಿಲಿಮೀಟರ್ ಕುಗ್ಗುತ್ತಿತ್ತು. ಎರಡೂ ಬದಿಯ ಲೀಫ್ ಸ್ಪ್ರಿಂಗ್‌ಗೆ ಒಂದೊಂದು ಪಟ್ಟಿ ಸೇರಿಸಿದ ಮೇಲೆ 29ಕ್ಕೆ ಇಳಿಯಿತು. ಇನ್ನೂ ಒಂದು ಪಟ್ಟಿ ಹಾಕಿ ಎಂದು ನಾನೇ ಕೇಳಿದ್ದೆ. ಖಾಲಿ ಓಡಿಸುವಾಗ ನಮ್ಮ ರಸ್ತೆಗಳಲ್ಲಿ ಹಿಂದಿನ ಚಕ್ರ ನೆಲ ಬಿಟ್ಟು ಕುಣಿಯುತ್ತದೆ ಎಂದು ಒಪ್ಪಲಿಲ್ಲ, ಅವರ ನಿಲುವು ಸರಿಯಾಗಿತ್ತು.

ಟೈರಿನ ಮಾತು ಚಿಕ್ಕದು, ಆದರೆ ಬಿಡುವಂಥದ್ದಲ್ಲ. ಟ್ರೇಲರ್‌ನ ಎರಡು ಚಕ್ರಗಳ ಮೇಲೆ 1,410 ಕಿಲೋ ಎಂದರೆ ಒಂದಕ್ಕೆ 705. ನನ್ನ ಹಳೆಯ ಟೈರುಗಳ ಲೋಡ್ ಇಂಡೆಕ್ಸ್ 97, ಅಂದರೆ 730 ಕಿಲೋ. ತಿರುವಿನಲ್ಲಿ ಭಾರ ಒಂದು ಬದಿಗೆ ವಾಲಿದರೆ ಮಿತಿ ಮೀರಿತೆಂದೇ ಲೆಕ್ಕ. 900 ಕಿಲೋ ತಾಳುವ 104ರ ಟೈರುಗಳಿಗೆ ಬದಲಾಯಿಸಿದೆ. ಹಳೆಯವುಗಳ ಪಕ್ಕದಲ್ಲಿದ್ದ ನಾಲ್ಕಂಕಿಯ ಗುರುತು 2316 ಎಂದಿತ್ತು, 2016ನೇ ಇಸವಿಯ 23ನೇ ವಾರದಲ್ಲಿ ತಯಾರಾದವು. ಮೇಲೆ ಹಲ್ಲು ಚೆನ್ನಾಗಿದ್ದರೂ ಬಿಸಿಲಿಗೆ ನಿಂತು ಬದಿಗಳಲ್ಲಿ ಸಣ್ಣ ಬಿರುಕುಗಳೆದ್ದಿದ್ದವು. ಟ್ರೇಲರ್‌ಗೆ ಪ್ರತ್ಯೇಕ ಸ್ಟೆಪ್ನಿ ಇಟ್ಟುಕೊಂಡಿದ್ದೇನೆ. ಇದಲ್ಲದೆ ಪಿಕಪ್‌ನ ಕೂಲೆಂಟ್, ಗೇರ್ ಆಯಿಲ್ ಮತ್ತು ಡಿಫರೆನ್ಷಿಯಲ್ ಆಯಿಲ್ ಬದಲಿಸಿ, ಡಾಟ್ 4 ಬ್ರೇಕ್ ಆಯಿಲ್ ತುಂಬಿದರು. ಏಪ್ರಿಲ್‌ನಲ್ಲಿ ಘಟ್ಟ ಹತ್ತುವಾಗ ಕೂಲೆಂಟ್ ಶಾಖ 98 ಡಿಗ್ರಿ ದಾಟಲಿಲ್ಲ. ನಾನು ಅಷ್ಟೊಂದು ಹೆದರಿದ್ದ ಎಂಜಿನ್ ಎರಡನೇ ಮತ್ತು ಮೂರನೇ ಗೇರಿನಲ್ಲಿ ಶಾಂತವಾಗಿ ಹತ್ತಿತು.

ಈಗ ದೂರು. ಟ್ರೇಲರ್‌ನ ದೀಪಗಳಿಗೆ 7 ಪಿನ್ನಿನ ಸಾಕೆಟ್ ಹಾಕಿ, ಪಿಕಪ್‌ನ ದೀಪದ ತಂತಿಗಳಿಂದಲೇ ಕರೆಂಟ್ ಕದಿಯದೆ, ಬ್ಯಾಟರಿಯಿಂದ ಪ್ರತ್ಯೇಕ ಫ್ಯೂಸ್ ಮತ್ತು ರಿಲೇ ಮೂಲಕ ಕೊಟ್ಟಿದ್ದು ಸರಿಯಾದ ಕ್ರಮವೇ. ಬಣ್ಣಗಳೂ ಸರಿಯಾಗಿದ್ದವು, ಎಡ ಇಂಡಿಕೇಟರ್‌ಗೆ ಹಳದಿ, ಬಲಕ್ಕೆ ಹಸಿರು, ಬ್ರೇಕ್ ದೀಪಕ್ಕೆ ಕೆಂಪು, ಅರ್ಥ್‌ಗೆ ಬಿಳಿ. ಆದರೆ ಟ್ರೇಲರ್‌ನ ಮೂಗಿನ ಬಳಿ ತಂತಿಗಳು ಸೇರುವ ಕಡೆ ಬರೀ ತಿರುಚಿ ಕಪ್ಪು ಟೇಪು ಸುತ್ತಿದ್ದರು. ಏಪ್ರಿಲ್‌ನಲ್ಲಿ ಹಿಂದಿರುಗುವಾಗ ಬೇಲೂರಿನ ಹತ್ತಿರ ಗುಡುಗು ಮಳೆ ಹಿಡಿಯಿತು. ರಾತ್ರಿ ಎರಡು ಗಂಟೆಯ ಹೊತ್ತಿಗೆ ಹಿಂದೆ ಬರುತ್ತಿದ್ದ ಲಾರಿಯವರು ಹಾರ್ನ್ ಮಾಡಿ ಮುಂದೆ ಬಂದು, ನಿಮ್ಮ ಟ್ರೇಲರ್ ದೀಪ ಸರಿಯಿಲ್ಲ ಎಂದು ಹೇಳಿ ಹೋದರು. ಇಳಿದು ನೋಡಿದರೆ ಇಂಡಿಕೇಟರ್ ಹಾಕಿದಾಗ ಎರಡೂ ಬದಿ ಮಂಕಾಗಿ ಮಿನುಗುತ್ತಿತ್ತು, ಬ್ರೇಕ್ ಒತ್ತಿದರೆ ಇಂಡಿಕೇಟರೇ ಸತ್ತುಹೋಗುತ್ತಿತ್ತು. ಒಂದು ದೀಪ ಹೊತ್ತಿಸಿದರೆ ಇನ್ನೊಂದು ಕೆಡುವುದು ಅರ್ಥ್ ಕೆಟ್ಟಿರುವ ಲಕ್ಷಣ. ಟೇಪು ಬಿಚ್ಚಿದಾಗ ಬಿಳಿ ತಂತಿಯ ತಾಮ್ರದ ಎಳೆಗಳು ಹಸಿರು ಕಿಲುಬು ಹಿಡಿದು ಬೆರಳು ತಾಗಿದೊಡನೆ ತುಂಡಾದವು. ಅಲ್ಲಿಯವರೆಗೆ ಕರೆಂಟು ಗ್ರೀಸ್ ಬಳಿದ ಗುಂಡಿನ ಕೊಂಡಿಯ ಮೂಲಕವೇ ಹೇಗೋ ಹಿಂದಿರುಗುತ್ತಿತ್ತು. ಮಳೆಯಲ್ಲಿ ಮೊಬೈಲ್ ಬೆಳಕು ಹಿಡಿದು ತಂತಿ ಹೆರೆದು ಕಟ್ಟುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು, ಮುಚ್ಚಿದ ಪೆಟ್ಟಿಗೆಗಳೊಳಗಿನ ಗುಂಯ್‌ಗುಟ್ಟುವಿಕೆ ಏರುತ್ತಿರುವುದು ಕೇಳುತ್ತಿತ್ತು. ಹಿಂದಿನಿಂದ ಬರುವ ಲಾರಿಗೆ ನಾವು ಕಾಣದೇ ಹೋಗಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದರೆ ಈಗಲೂ ಎದೆ ನಡುಗುತ್ತದೆ.

ಬ್ರೇಕಿನಲ್ಲಿ ಇಷ್ಟು ಜತನ ತೋರಿದವರು ಮಳೆನಾಡಿನಲ್ಲಿ ಕುಳಿತು ತಂತಿಯ ಗಂಟಿಗೆ ಬರೀ ಟೇಪು ಸುತ್ತಬಾರದಾಗಿತ್ತು. ಹೋಗಿ ಹೇಳಿದಾಗ ಮೇಸ್ತ್ರಿ ಹುಡುಗರ ಮೇಲೆ ಹಾಕಲಿಲ್ಲ. ‘ನಾನೇ ನೋಡ್ಬೇಕಿತ್ತು ಸಾರ್, ನೋಡ್ಲಿಲ್ಲ’ ಎಂದರು. ಇಡೀ ತಂತಿ ಬಿಚ್ಚಿ, ಪ್ರತಿ ಗಂಟನ್ನೂ ಬೆಸುಗೆ ಹಾಕಿ, ಕಾಯಿಸಿದರೆ ಕುಗ್ಗಿ ಅಂಟಿಕೊಳ್ಳುವ ಕೊಳವೆ ತೊಡಿಸಿ, ನೀರು ನುಗ್ಗದ ಡಬ್ಬಿಯೊಳಗಿಟ್ಟು, ಅರ್ಥ್ ತಂತಿಯನ್ನು ಎರಡು ಕಡೆ ಬೋಲ್ಟ್ ಮಾಡಿಕೊಟ್ಟರು. ಹಣ ತೆಗೆದುಕೊಳ್ಳಲಿಲ್ಲ. ಜೂನ್‌ನ ಮಳೆಯಲ್ಲಿ ಹೊಳಲ್ಕೆರೆ ದಾರಿಯಾಗಿ ಚಿತ್ರದುರ್ಗದ ಕಡೆಗೆ ಹೋದಾಗ ಒಂದು ದೀಪವೂ ಕೈಕೊಡಲಿಲ್ಲ.

ಇನ್ನೆರಡು ಕೊರತೆಗಳಿವೆ. ಆರು ದಿನ ಎಂದಿದ್ದ ಕೆಲಸ ಹನ್ನೊಂದು ದಿನ ಹಿಡಿಯಿತು, ಬ್ರೇಕಿನ ಭಾಗಗಳು ಹೊರಗಿನಿಂದ ಬರಬೇಕಿದ್ದವು ಎಂಬ ಕಾರಣವನ್ನು ಮೊದಲೇ ಹೇಳಬಹುದಿತ್ತು. ಬಿಲ್ಲಿನಲ್ಲಿ ವಿವರ ಇರಲಿಲ್ಲ, ಕೇಳಿ ಬರೆಸಿಕೊಂಡೆ. ಕೊಂಡಿಯ ತೊಲೆಗೆ 26,000, ತಳ್ಳು ಬ್ರೇಕು ಮತ್ತು ಡ್ರಮ್ಮುಗಳಿಗೆ 52,000, ಸ್ಪ್ರಿಂಗ್‌ಗೆ 11,000, ವೈರಿಂಗ್‌ಗೆ 8,500, ಪಿಕಪ್‌ನ ಆಯಿಲ್ ಮತ್ತು ಬ್ರೇಕ್ ಸರ್ವಿಸ್‌ಗೆ 19,500, ಒಟ್ಟು 1,17,000 ರೂಪಾಯಿ. ಟೈರು ಬೇರೆ. ಇದು ಸಣ್ಣ ಮೊತ್ತವಲ್ಲ, ಆದರೆ ಅರ್ಧದಷ್ಟು ಹಣ ಬ್ರೇಕಿಗೇ ಹೋಗಿದೆ ಎಂಬುದು ನನಗೆ ಸಮಾಧಾನ ಕೊಡುತ್ತದೆ.

ಕಾಗದಪತ್ರದ ವಿಷಯದಲ್ಲೂ ಅವರು ಅಡ್ಡದಾರಿ ತೋರಿಸಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 61ನೇ ಕಲಮಿನ ಪ್ರಕಾರ ಟ್ರೇಲರ್‌ಗೂ ಬೇರೆ ವಾಹನಗಳಂತೆ ನೋಂದಣಿ ಬೇಕು, ಎಳೆಯುವ ವಾಹನದ ಸಂಖ್ಯೆಯನ್ನೂ ಟ್ರೇಲರ್ ಮೇಲೆ ತೋರಿಸಬೇಕು. ಅದೇ ಕಾಯ್ದೆಯ 52ನೇ ಕಲಮು ಆರ್‌ಸಿಯಲ್ಲಿರುವ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಾಯಿಸುವುದನ್ನು ತಡೆಯುತ್ತದೆ. ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ ಬಂದ ಮೇಲೆಯೇ ಕೆಲಸ ಶುರುಮಾಡಿದರು. ಅವರಲ್ಲಿಗೆ ಹೋಗಬೇಕೆನ್ನುವವರು ಟ್ರೇಲರ್‌ನ ಆರ್‌ಸಿ ಪ್ರತಿ ಒಯ್ಯಬೇಕು, ಟ್ರೇಲರನ್ನು ನಿಜವಾದ ತೂಕಕ್ಕೆ ತುಂಬಿಸಿಯೇ ಒಯ್ಯಬೇಕು, ಮತ್ತು ಎರಡು ವಾರದ ಬಿಡುವು ಇಟ್ಟುಕೊಳ್ಳಬೇಕು. ಅಡಿಕೆ ಕೊಯ್ಲಿನ ದಿನಗಳಲ್ಲಿ ಗ್ಯಾರೇಜಿನ ಅಂಗಳ ತುಂಬ ಟ್ರ್ಯಾಕ್ಟರುಗಳಿರುತ್ತವೆ. ನಾನು ಬರುವ ಡಿಸೆಂಬರ್‌ನ ಕೊನೆಯ ವಾರಕ್ಕೆ ಈಗಲೇ ಹೇಳಿಟ್ಟಿದ್ದೇನೆ. ಸುಳ್ಯಕ್ಕೆ ಹೊರಡುವ ಮೊದಲು ಡ್ರಮ್ ಬಿಚ್ಚಿ, ಬಲಗಡೆಯ ಲೈನಿಂಗ್ ಎಷ್ಟು ಸವೆದಿದೆ ಎಂದು ಅಳೆಯಬೇಕಿದೆ.